ಗಾಡಿಗೊಂದು ಹಂದರ, ಸೈಕಲ್ಲಿಗೊಂದು ಪಾಲು
(ತಿರ್ಲಾಪುರದಲ್ಲಿ ಆಡಿದ ಮಾತುಗಳ ಬರಹರೂಪ)



ಗುಡ್ಡದ ಸೀಮೆಯವರು ನವಲಗುಂದದ ಬಯಲಿಗೆ ಬಂದು ಮರದ ಹಂದರದ ಮಾತು ತೆಗೆಯುವುದಕ್ಕೆ ಕಾರಣವಿದೆ. ಎರೆನೆಲದಲ್ಲಿ ಸಾಗವಾನಿಯ ಕಾಡಿಲ್ಲ. ಇಲ್ಲಿ ತೊಲೆ ಬೇಕಾದಾಗ ಕಣ್ಣು ಪಶ್ಚಿಮದ ಕಾಡಿನತ್ತ ಹೊರಳುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದು ಪೇಟೆಯ ಬೇಡಿಕೆಯ ಇನ್ನೊಂದು ತುದಿಯಲ್ಲಿ. ಆದ್ದರಿಂದ ಹಂದರ ಮರದ್ದೆಂಬ ಕಾರಣಕ್ಕೇ ಅದು ಪರಿಸರಸ್ನೇಹಿಯಾಗದು. ಆ ಮರ ಎಲ್ಲಿಯದೆಂದು ಮೊದಲು ಕೇಳಬೇಕು.

ನಿಮ್ಮ ಬದುಗಳಲ್ಲೇ ಜಾಲಿಯಿದೆ, ಬೇವಿದೆ. ತಲೆಮಾರುಗಳಿಂದ ಚಕ್ಕಡಿಯ ಭಾರ ಹೊತ್ತ ಜಾಲಿಗೆ ಹಂದರದ ಭಾರ ಹೆಚ್ಚಲ್ಲ. ದಿಮ್ಮಿಯನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿ, ನೆರಳಿನಲ್ಲಿ ಒಣಗಿಸಿದರೆ ಕೊರೆಹುಳದ ಕಾಟ ಕಡಿಮೆ. 2019ರ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಅಂಥ ಮನೆಗಳ ಗಟ್ಟಿ ಜಂತಿಗಳು ಉಳಿದಿದ್ದರೆ ಹೊಸ ಮರವೇ ಬೇಡ. ಹಸಿ ಮರ ಕಡಿಯುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ನಿಜವಾದ ಕಷ್ಟವಿರುವುದು ನೆಲದಲ್ಲಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಮೇಲುಮೇಲೆ ಹೂತ ಕಂಬ ವರ್ಷದೊಳಗೆ ಓಲುತ್ತದೆ. ಬೇಸಿಗೆಯ ಬಿರುಕು ಎಷ್ಟು ಆಳಕ್ಕೆ ಇಳಿಯುವುದೋ ಅದಕ್ಕಿಂತ ಕೆಳಗೆ ಗುಂಡಿ ತೋಡಿ, ಕಲ್ಲು-ಗಾರೆಯ ಪಾದ ಕಟ್ಟಬೇಕು. ಕಂಬವನ್ನು ಮಣ್ಣಿನಲ್ಲಿ ಹೂಳದೆ, ನೆಲಕ್ಕಿಂತ ಅರ್ಧ ಅಡಿ ಎತ್ತರದ ಆ ಪಾದದ ಮೇಲೆ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು. ಮರ ಕೊಳೆಯುವುದೂ ಗೆದ್ದಲು ಹತ್ತುವುದೂ ಮಣ್ಣು ತಾಗುವಲ್ಲಿಯೇ. ಗೋಡೆಯಿಲ್ಲದ ಹಂದರಕ್ಕೆ ಕಂಬದಿಂದ ತೊಲೆಗೆ ಓರೆ ಆಧಾರ ಇರಲೇಬೇಕು. ಮುಂಗಾರಿನ ಗಾಳಿ ಬರುವ ಪಶ್ಚಿಮಕ್ಕೆ ಮಾಡು ತಗ್ಗಿರಲಿ, ತಗಡನ್ನು ಬಿಗಿಯಾಗಿ ಕಟ್ಟಿರಲಿ.

ಇನ್ನು ಸೈಕಲ್ಲು. ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಜಾಗ ಒಂದು ಕಾರಿಗೆ ಬೇಕು. ಸೈಕಲ್ಲಿನ ಉದ್ದ ಸುಮಾರು ಆರು ಅಡಿ. ಮುಂದಿನ ಗಾಲಿಗೆ ಒಂದು ಬಿಟ್ಟು ಒಂದರಂತೆ ಎತ್ತರದ, ತಗ್ಗಿನ ಮೆಟ್ಟಿಲು ಕೊಟ್ಟರೆ ಹಿಡಿಕೆಗಳು ಒಂದಕ್ಕೊಂದು ತಾಗವು. ಒಂದೂವರೆ ಅಡಿಗೆ ಒಂದರಂತೆ ಅದೇ ಜಾಗದಲ್ಲಿ ಹನ್ನೆರಡು ನಿಲ್ಲುತ್ತವೆ, ಓಡಾಡಲು ನಾಲ್ಕು ಅಡಿಯೂ ಉಳಿಯುತ್ತದೆ. ಮನೆಯ ಹಂದರವಾದರೆ ಕಾರಿನ ಪಕ್ಕಕ್ಕೆ ಆರು ಅಡಿ ಮಾಡು ಇಳಿಸಿದರಾಯಿತು.

ಸರಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿತು. ನಿಲ್ಲಿಸಲು ಮಾಡು ಮಾತ್ರ ಎಷ್ಟೋ ಶಾಲೆಗಳಲ್ಲಿ ಏಳಲಿಲ್ಲ. ಸರಪಳಿ ತುಕ್ಕು ಹಿಡಿಯಿತು, ಟೈರು ಬಿಸಿಲಿಗೆ ಸೀಳಿತು. ಊರಿನ ಮೊದಲ ಹಂದರ ಶಾಲೆಯ ಅಂಗಳದಲ್ಲಿ ಏಳಲಿ ಎಂದು ನನ್ನ ಕೋರಿಕೆ. ಬಡಿಗೇರರು ಊರಿನವರೇ ಇರಲಿ. ಗುಂಡಿ ತೋಡುವ ಕೆಲಸವನ್ನು ಮುಂಗಾರಿಗೆ ಮುನ್ನ, ಬಿರುಕುಗಳು ಕಣ್ಣಿಗೆ ಕಾಣುವಾಗಲೇ ಮುಗಿಸಿ.