ಬೀದಿಗಿಳಿದ ಆ ಎರಡು ದಿನ

(ನಂಜನಾಡಿನಲ್ಲಿ ನಡೆದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಹೆಂಗಸರು ಬೀದಿಗಿಳಿದರೆ ಏನು ಸಿಕ್ಕೀತು ಎಂದು ಹೋದ ಸಂಬಳದ ದಿನ ಒಬ್ಬ ತಾಯಿ ನಮ್ಮನ್ನು ಕೇಳಿದರು. ಅದಕ್ಕೆ ಉತ್ತರವಾಗಿ ನಾವು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇವೆ.

ಈ ತೋಟಕ್ಕೆ ಬರುವ ಮುಂಚೆ ನಾವು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತವರು. ಹೊಲಿಯುವವರು ಹೆಚ್ಚಾಗಿ ಹೆಂಗಸರು, ಬೈಯುವವರು ಹೆಚ್ಚಾಗಿ ಗಂಡಸರು. ಗಂಟೆಗೆ ಇಷ್ಟು ಪೀಸು ಎಂದು ಲೆಕ್ಕ. ನೀರು ಕುಡಿದರೆ ಎದ್ದು ಹೋಗಬೇಕಾದೀತೆಂದು ಬಾಯಾರಿಕೆಯನ್ನೇ ತಡೆದುಕೊಳ್ಳುತ್ತಿದ್ದೆವು.

ನಮಗಿದ್ದ ಒಂದೇ ಗಂಟು ಪಿ.ಎಫ್. ಸಂಬಳದಲ್ಲಿ ನೂರಕ್ಕೆ 12 ರೂಪಾಯಿ ಅದಕ್ಕೆ ಹಿಡಿಯುತ್ತಿದ್ದರು. ಮಾಲೀಕರೂ 12 ಕಟ್ಟಬೇಕು. ಅದರಲ್ಲಿ ಬಹುಪಾಲು ಪಿಂಚಣಿಗೆ ಹೋಗಿ ಉಳಿದದ್ದು ಪಿ.ಎಫ್.ಗೆ ಸೇರುತ್ತದೆ. ಕೆಲಸ ಬಿಟ್ಟಾಗ ಆ ಹಣ ತೆಗೆದು ಸಾಲ ತೀರಿಸುವುದು, ಮಕ್ಕಳ ಫೀಸು ಕಟ್ಟುವುದು ನಮ್ಮ ವಾಡಿಕೆ. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು: ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ. ನಲವತ್ತು ದಾಟಿದರೆ ಕಣ್ಣು ಮಂಜು, ಸೊಂಟ ನೋವು. ಆ ಮಿಷನ್ನಿನ ಮುಂದೆ 58ರ ತನಕ ಕೂರುವವರು ಯಾರು?

ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿಯ ಕಡೆ ಹೆಂಗಸರು ಕೆಲಸ ನಿಲ್ಲಿಸಿ ಹೊಸೂರು ರಸ್ತೆಗೆ ಬಂದರು ಎಂಬ ಸುದ್ದಿ ಬಂತು. ನಮ್ಮನ್ನು ಯಾವ ಮುಖಂಡರೂ ಕರೆಯಲಿಲ್ಲ. ಪಕ್ಕದ ಮಿಷನ್ನಿನ ಅಕ್ಕ ಎದ್ದರು, ನಾವೂ ಎದ್ದೆವು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ಸಾವಿರಾರು ಹೆಂಗಸರು ನಡುರಸ್ತೆಯಲ್ಲಿ ಕೂತರು. ಬಿಸಿಲಿಗೆ ತಲೆ ಸುತ್ತಿದವರಿಗೆ ಗುರುತಿಲ್ಲದವರು ಸೆರಗಿನಿಂದ ಗಾಳಿ ಬೀಸಿದರು. "ಹೆಂಗಸರಿಗೆ ರಸ್ತೆಯಲ್ಲೇನು ಕೆಲಸ?" ಎಂದು ಒಬ್ಬರು ಕೂಗಿದಾಗ, "ನಮ್ಮ ದುಡ್ಡು ಎಲ್ಲಿದೆಯೋ ಅಲ್ಲೇ ಕೆಲಸ" ಎಂದು ಒಬ್ಬ ಅಜ್ಜಿ ಕೂತಲ್ಲಿಂದಲೇ ಹೇಳಿದರು.

ಮಾರನೆಯ ದಿನ ಜನ ಇನ್ನೂ ಹೆಚ್ಚಾದರು. ಲಾಠಿ ಬೀಸಿತು, ಅಶ್ರುವಾಯು ಬಂತು. ಕಲ್ಲು ತೂರಿದ್ದೂ ಉಂಟು, ಬಸ್ಸುಗಳು ಸುಟ್ಟದ್ದೂ ಉಂಟು. ಅದನ್ನು ನಾವು ಮುಚ್ಚಿಡುವುದಿಲ್ಲ, ಸರಿ ಎನ್ನುವುದೂ ಇಲ್ಲ. ಓಡುವಾಗ ನಮ್ಮ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಆ ಸಂಜೆಯೇ ಕೇಂದ್ರ ಸರ್ಕಾರ ಹೊಸ ನಿಯಮವನ್ನು ಹಿಂದಕ್ಕೆ ಪಡೆಯಿತು. ಅದು ದೇಶದ ಎಲ್ಲ ಕಾರ್ಮಿಕರಿಗೂ, ಗಂಡಸರಿಗೂ, ಸಿಕ್ಕ ಗೆಲುವು.

ಇದು ಪಟ್ಟಣದ ಮಾತು, ತೋಟಕ್ಕೆ ಹೊಂದದು ಎನ್ನಬೇಡಿ. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟಗಳಲ್ಲಿ ಬೋನಸ್ಸು ನೂರಕ್ಕೆ 10 ಎಂದಾಗ ಸೊಪ್ಪು ಕೀಳುವ ಹೆಂಗಸರೇ ರಸ್ತೆಯಲ್ಲಿ ಕೂತರು. ಒಂಬತ್ತು ದಿನ ಕೂತು, ಎಲ್ಲ ಸೇರಿ 20 ಪಡೆದರು. ಆ ಒಗ್ಗಟ್ಟಿಗೆ 'ಪೆಂಬಿಳೈ ಒರುಮೈ' ಎಂಬ ಹೆಸರಾಯಿತು. ತಮ್ಮ ಪರವಾಗಿ ಮಾತಾಡುತ್ತೇವೆಂದು ಬಂದ ಸಂಘದ ಗಂಡಸರನ್ನು ಅವರು ಹತ್ತಿರಕ್ಕೆ ಸೇರಿಸಲಿಲ್ಲ. ಸಂಘದ ಕೆಲಸ ಮಾಡುವ ನಮಗೆ ಇದು ಚುಚ್ಚುವ ಮಾತು. ಚುಚ್ಚಲಿ.

ನಮ್ಮಲ್ಲಿ ಸೊಪ್ಪು ಕೀಳುವವರು ಯಾರು? ತಕ್ಕಡಿಯ ಮುಂದೆ ಕಿಲೋ ಕಳೆದಾಗ ಸುಮ್ಮನೆ ನಿಲ್ಲುವವರು ಯಾರು? ನಮ್ಮ ಸಮಿತಿಯಲ್ಲಿ ಬೆಂಚಿನ ಮೇಲೆ ಕೂರುವವರು ಯಾರು? ಬೀದಿಗಿಳಿಯುವುದು ಕೊನೆಯ ದಾರಿ. ಮೊದಲ ದಾರಿಯಲ್ಲಿ ಹೆಂಗಸರಿಗೆ ಜಾಗವಿದ್ದರೆ ಕೊನೆಯದು ಬೇಕಾಗದೆ ಹೋಗಬಹುದು.

ಆದುದರಿಂದ ತಮ್ಮಲ್ಲಿ ಎರಡು ಬೇಡಿಕೆ. ತಾಯಂದಿರೇ, ಸಮಿತಿಗೆ ಈ ಸಲ ಪ್ರತಿ ಲೈನಿನಿಂದಲೂ ಇಬ್ಬರು ಹೆಸರು ಕೊಡಿ. ಅಣ್ಣಂದಿರೇ, ಸಭೆಯ ಸಂಜೆ ನೀವು ಒಲೆ ಹಚ್ಚಿ, ಮಕ್ಕಳನ್ನು ನೋಡಿಕೊಳ್ಳಿ. ಆ ಎರಡು ದಿನ ಬೆಂಗಳೂರಿನಲ್ಲಿ ಎಷ್ಟೋ ಮನೆಗಳಲ್ಲಿ ಗಂಡಸರು ಅನ್ನಕ್ಕಿಟ್ಟರು. ಯಾರಿಗೂ ಏನೂ ಆಗಲಿಲ್ಲ.