ಮುಳುಗಡೆಗೆ ಮೊದಲಿನ ಹಾಳೆ



ಹಳೆಯ ನಕ್ಷೆಗಳ ಈ ಪ್ರದರ್ಶನವನ್ನು ಉದ್ಘಾಟಿಸಲು ನನ್ನನ್ನು ಕರೆದಿದ್ದೀರಿ. ಇಲ್ಲಿರುವ ಹಲವು ನಕ್ಷೆಗಳಲ್ಲಿ ಒಂದರ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಲಿಂಗನಮಕ್ಕಿ ಅಣೆಕಟ್ಟೆಗೆ ಮೊದಲಿನ ಶರಾವತಿ ಕಣಿವೆಯದು.

ಸರ್ವೆ ಆಫ್ ಇಂಡಿಯಾದ 48-ಜೆ ವಿಭಾಗದ ಹಾಳೆ. ನೆಲದ ಮೇಲಿನ ಒಂದು ಮೈಲಿ ಇಲ್ಲಿ ಒಂದು ಇಂಚು. ಕಂದು ಗೆರೆಗಳು ಎತ್ತರ ಹೇಳುತ್ತವೆ. ಒಂದು ಗೆರೆಯಿಂದ ಇನ್ನೊಂದಕ್ಕೆ 50 ಅಡಿ ಏರು. ಒತ್ತೊತ್ತಾಗಿ ಬಂದಲ್ಲಿ ಗುಡ್ಡದ ಇಳಿಜಾರು, ದೂರ ಸರಿದಲ್ಲಿ ಗದ್ದೆಬಯಲು. ದಯವಿಟ್ಟು 1800 ಅಡಿಯ ಗೆರೆಯನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟು ನಿಧಾನವಾಗಿ ಸಾಗಿ. ಜಲಾಶಯ ತುಂಬಿದಾಗಿನ ಮಟ್ಟ 1819 ಅಡಿ. ಹಿನ್ನೀರಿನ ದಡ ಆ ಗೆರೆಗಿಂತ ತುಸು ಮೇಲಿದೆ. ಅಣೆಕಟ್ಟೆಯ ಮೇಲ್ಗಡೆ ಗೆರೆಯ ಒಳಗೆ ಬಿದ್ದ ಮನೆ, ಗುಡಿ, ಬಾವಿ, ಗಾಡಿಹಾದಿ, ಅಡಿಕೆ ತೋಟ ಎಲ್ಲವೂ 1964ರ ಅಣೆಕಟ್ಟೆಯ ನೀರಿಗೆ ಹೋದವು. ಅದಕ್ಕೂ ಹಿಂದಿನ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಮೇಲೆ ಕಾಣುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹಾದಿ ಕಡಿದುಹೋದ ತುಮರಿಯ ಕಡೆಯವರು 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗುವವರೆಗೆ ಲಾಂಚಿಗೆ ಕಾದರು. ವಿದ್ಯುತ್ತಿಗಾಗಿ ನೆಲ ಬಿಟ್ಟು ನಾಡಿಗೆ ಬೆಳಕು ಕೊಟ್ಟವರು ಈ ಕಣಿವೆಯವರು.

ಈ ನಕ್ಷೆಗಾಗಿ ಅಳತೆಯ ಪ್ಲೇನ್ ಟೇಬಲ್ ಹೊತ್ತು ಜಿಗಣೆ ಕಾಡಿನಲ್ಲಿ ಅಳೆದವರ ದುಡಿಮೆ ದೊಡ್ಡದು. ಆದರೂ ಈ ಹಾಳೆಯಲ್ಲಿ ಕಾಡೆಲ್ಲ ಒಂದೇ ಹಸಿರು. ಕಾನು ಯಾವುದು, ಸೊಪ್ಪಿನಬೆಟ್ಟ ಯಾವುದು, ದನ ಮೇಯುವ ಬ್ಯಾಣ ಎಲ್ಲಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಮಣ್ಣು ಮುಟ್ಟಿ ಬದುಕಿದವರಿಗೆ ಅದೇ ಮೊದಲ ತಿಳಿವಳಿಕೆ. ಆ ಜಾಗಗಳ ಹೆಸರುಗಳು ಈಗ ಎಂಬತ್ತು ದಾಟಿದವರ ನೆನಪಿನಲ್ಲಿ ಮಾತ್ರ ಇವೆ. ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಇದು: ನೀರು ಇಳಿದರೆ ನೆಲ ಕಂಡೀತು, ಆ ಹಿರಿಯರು ಹೋದರೆ ಹೆಸರು ಹೇಳುವವರಿಲ್ಲ.

ಸಂಘಟಕರು ನಕ್ಷೆಯ ಮೇಲೆ ಪಾರದರ್ಶಕ ಕಾಗದ ಹೊದಿಸಿ, ಪಕ್ಕದಲ್ಲಿ ಪೆನ್ಸಿಲ್ ಇಟ್ಟಿದ್ದಾರೆ. ಹಾಗಾಗಿ ದೀಪ ಬೆಳಗಿದ ಕೂಡಲೆ ಮುಳುಗಡೆಯ ಊರುಗಳಿಂದ ಬಂದ ಅಜ್ಜ ಅಜ್ಜಿಯರು ಮುಂದೆ ಬರಬೇಕು. ನಿಮ್ಮ ಕೇರಿ, ಹಕ್ಕಲು, ಹೊಳೆ ದಾಟುತ್ತಿದ್ದ ಜಾಗ ತೋರಿಸಿ. ಮೊಮ್ಮಕ್ಕಳು ಬರೆದುಕೊಳ್ಳಲಿ. ಪ್ರದರ್ಶನವನ್ನು ಈಗ ಉದ್ಘಾಟಿಸುತ್ತಿದ್ದೇನೆ, ದಯಮಾಡಿ ಬನ್ನಿ.