ದೀಪ ಹೊತ್ತಿದೆ, ದನಿಯಿಲ್ಲ

ಯಲ್ಲಾಪುರ ತಾಲೂಕಿನ ಉಮ್ಮಚಗಿಯ ಕಡೆ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ಭಾಗವತರ ಪದ, ಮದ್ದಳೆಯ ಪೆಟ್ಟು ಈಗ ಮನೆಯಲ್ಲೇ ಧ್ವನಿಮುದ್ರಣವಾಗಬಹುದು. ಮೈಕಿನ ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ದಾಟಿಸುವುದು ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ. ಹೊಸದಾಗಿ ವಿಂಡೋಸ್ ಹಾಕಿಸಿದ ದಿನ ಪೆಟ್ಟಿಗೆಯ ಹಸಿರು ದೀಪವೇನೋ ಹೊತ್ತಿರುತ್ತದೆ, ಪರದೆಯ ಮೇಲೆ ಮಾತ್ರ ಅದರ ಹೆಸರೇ ಇರುವುದಿಲ್ಲ. ಪೆಟ್ಟಿಗೆ ಕೆಟ್ಟಿತೆಂದು ಶಿರಸಿ ಪೇಟೆಗೆ ಹೊತ್ತೊಯ್ಯುವವರಿದ್ದಾರೆ. ನನ್ನ ಮಟ್ಟಿಗೆ ಅದು ದಂಡದ ತಿರುಗಾಟ.

ದೀಪ ಹೊತ್ತಿತೆಂದರೆ ವಿದ್ಯುತ್ ಬಂತು ಎಂದಷ್ಟೇ. ಬರೀ ಚಾರ್ಜಿಗೆಂದು ಬರುವ ಕೆಲವು ಕೇಬಲ್‌ಗಳಲ್ಲಿ ಮಾಹಿತಿ ಹರಿಯುವ ತಂತಿಯೇ ಇರುವುದಿಲ್ಲ. ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲಿನ ಮಾತು ಡ್ರೈವರಿನದು, ಅಂದರೆ ಪೆಟ್ಟಿಗೆಯ ಗುರುತನ್ನು ವಿಂಡೋಸಿಗೆ ಹಿಡಿಸುವ ತಂತ್ರಾಂಶದ್ದು. ಯುಎಸ್‌ಬಿ ಆಡಿಯೊ 2.0 ಸಾಧನಗಳಿಗೆ ವಿಂಡೋಸ್ ತನ್ನದೇ ಡ್ರೈವರ್ ಕೊಟ್ಟದ್ದು 2017ರಲ್ಲಿ. ಅಷ್ಟಾದರೂ ಕೆಲವು ಪೆಟ್ಟಿಗೆಗಳು ತಯಾರಕರ ಡ್ರೈವರನ್ನೇ ಬೇಡುತ್ತವೆ. ಹೆಸರು ಕಂಡೂ ದನಿ ಬಾರದಿದ್ದರೆ ಪ್ರೈವಸಿ ಸೆಟ್ಟಿಂಗಿನಲ್ಲಿ ಮೈಕಿಗೆ ಅನುಮತಿ ಇದೆಯೇ ನೋಡಿ.

ಸಿಸ್ಟಮ್ ಬದಲಿಸುವ ಮೊದಲೇ ಡ್ರೈವರ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ನಮ್ಮ ಕಡೆ ಕರೆಂಟನ್ನೂ ನೆಟ್‌ವರ್ಕನ್ನೂ ನೆಚ್ಚಿಕೊಳ್ಳುವಂತಿಲ್ಲ.